ಆಯಿಲ್ ಚೇಂಬರಿನ ಹಟಮಾರಿ ನಟ್: ಬಿಚ್ಚುವುದು ಹೇಗೆ, ಕೆಡದಂತೆ ಕಾಯುವುದು ಹೇಗೆ?

ಯಲವಿಗಿ (ಹಾವೇರಿ ಜಿಲ್ಲೆ): ಹುಬ್ಬಳ್ಳಿಯಿಂದ ಹಾವೇರಿಯತ್ತ ಹೊರಟ ರೈಲು ನಡುವೆ ಹಾದುಹೋಗುವ ನಿಲ್ದಾಣ ಯಲವಿಗಿ. ಸವಣೂರು ತಾಲ್ಲೂಕಿಗೆ ಸೇರಿದ ಈ ಊರಿನ ಸುತ್ತಮುತ್ತ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹೊಲಗಳಿವೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಇಲ್ಲಿನ ರೈತನಿಗೆ ಒಂದೊಂದು ದಿನವೂ ಅಮೂಲ್ಯ. ಅಂಥ ಹೊತ್ತಿನಲ್ಲಿ ಆಯಿಲ್ ಬದಲಿಸಲೆಂದು ಟ್ರ್ಯಾಕ್ಟರಿನ ಕೆಳಗೆ ಮಲಗಿದವನ ಕೈಯಲ್ಲಿ ಪಾನಾ ಜಾರಿ, ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದರೆ ಬಿತ್ತನೆಯೇ ನಿಲ್ಲುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಮನೆಯಂಗಳದಲ್ಲೇ ಬೈಕು, ಕಾರುಗಳ ಆಯಿಲ್ ಬದಲಿಸುವವರಿಗೂ ಈ ಫಜೀತಿ ಹೊಸದಲ್ಲ.

ಬೆರಳುಗಾತ್ರದ ಈ ನಟ್ಟಿನ ಮೇಲೆ ತೋರಿದ ಅವಸರವು ಚೇಂಬರಿನ ಬಿರುಕಿಗೆ, ಕೆಲವೊಮ್ಮೆ ಎಂಜಿನ್ನಿನ ನಾಶಕ್ಕೆ, ಜಾಕ್ ಜಾರಿದರೆ ಪ್ರಾಣಹಾನಿಗೂ ಕಾರಣವಾಗಬಲ್ಲದು. ಆದ್ದರಿಂದ ಸಮಸ್ಯೆಯ ಮೂಲವನ್ನೂ ಪರಿಹಾರದ ಕ್ರಮವನ್ನೂ ಅರಿತು ಕೈಹಾಕುವುದು ಒಳಿತು.

ಏನಿದು ಡ್ರೈನ್ ನಟ್?

ಎಂಜಿನ್ನಿನ ತಳದಲ್ಲಿ ಆಯಿಲ್ ಸಂಗ್ರಹವಾಗುವ ತೊಟ್ಟಿಗೆ ಗ್ಯಾರೇಜುಗಳಲ್ಲಿ 'ಆಯಿಲ್ ಚೇಂಬರ್' ಎಂಬ ಹೆಸರು ರೂಢಿಯಲ್ಲಿದೆ. ಅದರ ಅತಿ ತಗ್ಗಿನ ಜಾಗದಲ್ಲಿ ಒಂದು ರಂಧ್ರವಿದ್ದು, ಅದನ್ನು ಮುಚ್ಚಿರುವ ಬೋಲ್ಟೇ ಡ್ರೈನ್ ನಟ್. ರಚನೆಯಲ್ಲಿ ಅದು ಬೋಲ್ಟ್ ಆದರೂ ಬಳಕೆಯ ಮಾತಿನಲ್ಲಿ ನಟ್ ಎಂದೇ ಪ್ರಸಿದ್ಧ. ಅನೇಕ ಬೈಕು, ಕಾರುಗಳಲ್ಲಿ ಇದರ ತಿರುಪಿನ ವ್ಯಾಸ 12 ಅಥವಾ 14 ಮಿ.ಮೀ. ಇರುತ್ತದೆ. ಆರು ಮೂಲೆಯ ತಲೆಗೆ ಸಾಮಾನ್ಯವಾಗಿ 14, 17 ಅಥವಾ 19ರ ಪಾನಾ ಬೇಕು. ಕೆಲವು ವಾಹನಗಳಲ್ಲಿ ತಲೆಯ ಒಳಗೇ ಆರು ಮೂಲೆಯ ಕುಳಿಯಿದ್ದು ಅದಕ್ಕೆ ಅಲೆನ್ ಕೀ ಹಾಕಬೇಕಾಗುತ್ತದೆ. ತಲೆಗೂ ಚೇಂಬರಿಗೂ ನಡುವೆ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಕೂಡುತ್ತದೆ. ಆಯಿಲ್ ಸೋರದಂತೆ ತಡೆಯುವುದು ಮುಖ್ಯವಾಗಿ ಈ ವಾಷರ್. ನಟ್ಟನ್ನು ಬಿಗಿದಷ್ಟೂ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆ ತಪ್ಪು.

ಕೆಡುವುದೇಕೆ?

ತುಕ್ಕು ಹಿಡಿದು ನಟ್ ಕಚ್ಚಿಕೊಂಡಿದೆ ಎಂಬುದು ಎಲ್ಲರ ಮೊದಲ ಊಹೆ. ಆದರೆ ಡ್ರೈನ್ ನಟ್ಟಿನ ತಿರುಪಿನ ತುದಿ ಸದಾ ಆಯಿಲ್‌ನಲ್ಲಿ ನೆನೆದಿರುವುದರಿಂದ ಒಳಗೆ ತುಕ್ಕು ಹಿಡಿಯುವ ಸಂಭವ ಕಡಿಮೆ. ತುಕ್ಕು ಏರುವುದು ಹೊರಗಿನ ತಲೆಗೆ ಮತ್ತು ಅದರ ಅಂಚಿಗೆ. ಎರೆಮಣ್ಣಿನ ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿನ ತಳಕ್ಕೆ ಮೆತ್ತಿಕೊಂಡ ಕೆಸರು ದಿನಗಟ್ಟಲೆ ತೇವವನ್ನು ಹಿಡಿದಿಡುವುದರಿಂದ ತಲೆಯ ಮೇಲ್ಮೈ ಪದರ ಪದರವಾಗಿ ಏಳುತ್ತದೆ. ಆಗ 17ರ ತಲೆ 17ರ ಅಳತೆಯಲ್ಲಿ ಉಳಿಯುವುದಿಲ್ಲ.

ನಿಜವಾದ ಕಾರಣ ಬಹುತೇಕ ಹಿಂದಿನ ಬಾರಿ ಹಾಕಿದ ವಿಪರೀತ ಬಿಗಿಯಾಗಿರುತ್ತದೆ. ಇದರ ಲೆಕ್ಕ ಸರಳ. 20 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ 20 ಕೆ.ಜಿ. ಭಾರದಷ್ಟು ಬಲ ಹಾಕಿದರೆ ನಟ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 39 ನ್ಯೂಟನ್-ಮೀಟರ್. ಅನೇಕ ಕಾರುಗಳ ಡ್ರೈನ್ ನಟ್ಟಿಗೆ ಇದೇ ಸಾಕು, ಬೈಕುಗಳಿಗೆ ಇದಕ್ಕಿಂತ ಕಡಿಮೆಯೇ ಬೇಕು. ಅದೇ ಪಾನಾಕ್ಕೆ ಕಬ್ಬಿಣದ ಪೈಪು ತೂರಿಸಿ ಉದ್ದವನ್ನು 60 ಸೆಂ.ಮೀ.ಗೆ ಏರಿಸಿದರೆ ಅಷ್ಟೇ ಬಲಕ್ಕೆ ತಿರುಚು ಮೂರು ಪಟ್ಟಾಗಿ 118 ನ್ಯೂಟನ್-ಮೀಟರ್ ತಲುಪುತ್ತದೆ. ಸೋರಬಾರದೆಂಬ ಭಯದಿಂದ ಪೈಪು ಹಾಕಿ ಬಿಗಿದ ನಟ್ ಮುಂದಿನ ಬಾರಿ ಬಿಚ್ಚುವವನ ಕೈಗೆ ಹಟಮಾರಿಯಾಗಿ ಸಿಗುತ್ತದೆ.

ತಪ್ಪು ಅಳತೆಯ ಪಾನಾ ಮತ್ತೊಂದು ಕಾರಣ. ಮೆಸ್ಸಿ ಫರ್ಗುಸನ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮುಂತಾದ ವಿದೇಶಿ ವಿನ್ಯಾಸಗಳ ಮೂಲದ ಹಳೆಯ ಟ್ರ್ಯಾಕ್ಟರುಗಳಲ್ಲೂ ಹಳೆಯ ಬೈಕುಗಳಲ್ಲೂ ಇಂಚಿನ ಅಳತೆಯ ನಟ್ಟುಗಳು ಸಿಗುತ್ತವೆ. ಭಾರತವು 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಹೊರಳಿದರೂ ಯಂತ್ರಗಳ ಹೊಟ್ಟೆಯಲ್ಲಿ ಇಂಚು ಉಳಿದೇ ಇತ್ತು. ಮುಕ್ಕಾಲು ಇಂಚಿನ ನಟ್ಟಿಗೆ (19.05 ಮಿ.ಮೀ.) 19ರ ಪಾನಾ ಹೊಂದಬಹುದು. ಆದರೆ 11/16 ಇಂಚಿನ ನಟ್ಟು 17.46 ಮಿ.ಮೀ. ಇರುತ್ತದೆ. ಅದಕ್ಕೆ 17ರ ಪಾನಾ ಕೂಡದು, 18ರದು ಅರ್ಧ ಮಿ.ಮೀ. ಸಡಿಲ. ಆ ಅರ್ಧ ಮಿ.ಮೀ. ಸಡಿಲವೇ ಮೂಲೆಗಳನ್ನು ತಿಂದುಹಾಕಲು ಸಾಕು.

ಪಾನಾದ ಬಗೆಯೂ ಮುಖ್ಯ. ಬಾಯಿ ತೆರೆದ ಪಾನಾ ತಲೆಯ ಎರಡೇ ಮುಖಗಳನ್ನು ಹಿಡಿಯುತ್ತದೆ. ಹನ್ನೆರಡು ಮೂಲೆಯ ರಿಂಗ್ ಪಾನಾ ಮತ್ತು ಸಾಕೆಟ್‌ಗಳು ಆರೂ ಕಡೆ ಹಿಡಿದರೂ ಅವುಗಳ ಒತ್ತಡ ಮೂಲೆಗಳ ಹತ್ತಿರವೇ ಬೀಳುತ್ತದೆ. ಆರು ಮೂಲೆಯ ಸಾಕೆಟ್ ಮಾತ್ರ ಮುಖಗಳ ಅಗಲಕ್ಕೆ ಬಲವನ್ನು ಹಂಚುತ್ತದೆ. ಹೊಂದಾಣಿಕೆ ಪಾನಾ ಮತ್ತು ಇಕ್ಕಳಗಳನ್ನು ಆರಂಭದಲ್ಲೇ ಬಳಸುವುದು ಕೆಡುಕಿಗೆ ಆಹ್ವಾನ.

ಕೈಹಾಕುವ ಮುನ್ನ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗಳಿಗೆ ಅಡ್ಡಗಟ್ಟೆ ಕೊಡಬೇಕು. ಕೇವಲ ಜಾಕಿನ ಆಸರೆಯಲ್ಲಿರುವ ವಾಹನದ ಕೆಳಗೆ ಎಂದಿಗೂ ನುಸುಳಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಭಾರಕ್ಕೆ ಏಕಾಏಕಿ ಒಡೆಯುತ್ತವೆ. ಭಾರಕ್ಕೆ ತಕ್ಕ ಕಬ್ಬಿಣದ ಸ್ಟ್ಯಾಂಡುಗಳೇ ಬೇಕು. ಬಿಗಿಯಾದ ನಟ್ಟನ್ನು ಎಳೆಯುವಾಗ ವಾಹನವೇ ಅಲುಗಾಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಗ್ಯಾರೇಜಿನ ಗುಂಡಿ ಅಥವಾ ರ‍್ಯಾಂಪ್ ಸಿಕ್ಕರೆ ಎಲ್ಲಕ್ಕಿಂತ ಕ್ಷೇಮ.

ಎಂಜಿನ್ ಕೈಗೆ ತಾಳುವಷ್ಟು ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಅಲ್ಯೂಮಿನಿಯಂ ಚೇಂಬರಿನಲ್ಲಿ ಉಕ್ಕಿನ ನಟ್ಟಿಗೆ ಅಲ್ಪಸ್ವಲ್ಪ ಸಡಿಲವೂ ಸಿಗಬಹುದು. ಆದರೆ ಓಡಿಸಿ ತಂದ ತಕ್ಷಣ ಕೈಹಾಕಿದರೆ ಸೈಲೆನ್ಸರ್ ಪೈಪು ಮತ್ತು ಕುದಿಯುವಂಥ ಆಯಿಲ್ ಎರಡೂ ಚರ್ಮವನ್ನು ಸುಡುತ್ತವೆ.

ಬಿಚ್ಚುವ ನಟ್ ಯಾವುದೆಂಬುದನ್ನು ವಾಹನದ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಬೇಕು. ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗಲ್ಲದೆ ಗೇರ್ ಪೆಟ್ಟಿಗೆಯ ಭಾಗಕ್ಕೂ ಬೇರೆಯೇ ನಟ್ ಇರುತ್ತದೆ. ಕಾರಿನಲ್ಲಿ ಗೇರ್‌ಬಾಕ್ಸಿನ ನಟ್ಟನ್ನು ಎಂಜಿನ್ನಿನದೆಂದು ಭ್ರಮಿಸಿ ಬಿಚ್ಚಿದವರು ಉಂಟು. ಹೊಸ ಆಯಿಲ್ ತುಂಬುವ ಮುಚ್ಚಳ ತೆರೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಅದೇ ಅಳತೆಯ ಹೊಸ ನಟ್ಟು, ಹೊಸ ವಾಷರ್ ಕೈಯಲ್ಲಿರದೆ ಸವೆದ ನಟ್ಟಿಗೆ ಕೈಹಾಕುವುದು ವಿವೇಕವಲ್ಲ. ಹಳೆಯದು ಹೊರಬಂದ ಮೇಲೆ ಮರಳಿ ಹಾಕಲು ಯೋಗ್ಯವಾಗಿ ಉಳಿಯುವುದು ಅಪರೂಪ.

ಮೊದಲ ಹಂತ: ಮೂಲೆಗಳು ಉಳಿದಿದ್ದರೆ

ತಂತಿ ಬ್ರಷ್ಷಿನಿಂದ ಕೆಸರು, ತುಕ್ಕನ್ನು ಕೆರೆದು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ತುಕ್ಕು ಸಡಿಲಿಸುವ ಎಣ್ಣೆಯನ್ನು ತಲೆಯ ಅಂಚಿಗೆ ಸಿಂಪಡಿಸಿ ಅರ್ಧ ಗಂಟೆ ಕಾಯಬಹುದು. ಬಿಗಿ ಹೆಚ್ಚಾಗಿ ಕುಳಿತಿರುವ ನಟ್ಟಿಗೆ ಇದರಿಂದ ದೊಡ್ಡ ಪವಾಡವನ್ನು ನಿರೀಕ್ಷಿಸುವಂತಿಲ್ಲ. ಅಂಚಿನ ತುಕ್ಕಿಗೆ ಮಾತ್ರ ಅದು ಮದ್ದು.

ಬಳಿಕ ಸರಿಯಾದ ಅಳತೆಯ ಆರು ಮೂಲೆಯ ಸಾಕೆಟನ್ನು ತಲೆಯ ಬುಡದವರೆಗೆ ಕೂರಿಸಬೇಕು. ಅರ್ಧಂಬರ್ಧ ಕುಳಿತ ಸಾಕೆಟ್ ಮೊದಲ ಎಳೆತಕ್ಕೇ ಜಾರುತ್ತದೆ. ಸಾಕೆಟ್ ಮೇಲಿಟ್ಟು ಸುತ್ತಿಗೆಯಿಂದ ಹಿತಮಿತವಾಗಿ ಎರಡು ಮೂರು ಪೆಟ್ಟು ಕೊಟ್ಟರೆ ವಾಷರಿನ ಹಿಡಿತ ಸಡಿಲವಾಗಬಹುದು. ಉದ್ದನೆಯ ಹಿಡಿಗೆ ಒಂದು ಕೈ ಹಾಕಿ, ಇನ್ನೊಂದು ಕೈಯಿಂದ ಸಾಕೆಟನ್ನು ನಟ್ಟಿನತ್ತ ಅದುಮಿ ಹಿಡಿದು, ಜರ್ಕು ಕೊಡದೆ ಏಕಪ್ರಕಾರವಾಗಿ ಎಳೆಯಬೇಕು. ಮುಷ್ಟಿ ನೆಲಕ್ಕಾಗಲಿ ಚಾಸಿಸ್ಸಿಗಾಗಲಿ ಬಡಿಯದಂತೆ ಎಳೆತದ ದಿಕ್ಕನ್ನು ಮೊದಲೇ ಆರಿಸಿಕೊಂಡಿರಬೇಕು.

ದಿಕ್ಕಿನ ಗೊಂದಲಕ್ಕೆ ಅನುಭವಿಗಳೂ ಸಿಲುಕುವುದುಂಟು. ಡ್ರೈನ್ ನಟ್ಟುಗಳು ಬಹುತೇಕ ಎಲ್ಲವೂ ಬಲಗೈ ತಿರುಪಿನವು. ನಟ್ಟಿನ ತಲೆಗೆ ಮುಖ ಕೊಟ್ಟು ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ವಾಹನದ ಮೇಲಿನಿಂದ ಬಗ್ಗಿ ಕೈ ಇಳಿಬಿಟ್ಟು ತಿರುಗಿಸುವವನಿಗೆ ಇದೇ ದಿಕ್ಕು ತಿರುವುಮುರುವಾಗಿ ಕಾಣುತ್ತದೆ. ಬಿಚ್ಚುವ ಬದಲು ಇನ್ನಷ್ಟು ಬಿಗಿದು ಮೂಲೆ ಸವೆಸಿಕೊಂಡ ಪ್ರಸಂಗಗಳ ಹಿಂದೆ ಹೆಚ್ಚಾಗಿ ಈ ತಪ್ಪೆಣಿಕೆಯೇ ಇರುತ್ತದೆ.

ಎರಡನೆಯ ಹಂತ: ಮೂಲೆಗಳು ಸವೆದಿದ್ದರೆ

ಸಾಕೆಟ್ ಒಮ್ಮೆ ಜಾರಿತೆಂದರೆ ಅಲ್ಲಿಗೇ ನಿಲ್ಲಿಸಬೇಕು. ಎರಡನೆಯ, ಮೂರನೆಯ ಪ್ರಯತ್ನಗಳು ಉಳಿದ ಮೂಲೆಗಳನ್ನೂ ಅಳಿಸುತ್ತವೆ. ಇಲ್ಲಿಂದ ಮುಂದೆ ಸೌಮ್ಯ ಉಪಾಯದಿಂದ ಕಠಿಣ ಉಪಾಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಕ್ರಮ.

ಚಿಕ್ಕ ಸಾಕೆಟ್ ಬಡಿದು ಕೂರಿಸುವುದು: ಸವೆದ 17ರ ತಲೆಗೆ 16ರ ಅಥವಾ 5/8 ಇಂಚಿನ (15.88 ಮಿ.ಮೀ.) ಸಾಕೆಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದು ಲೋಹವನ್ನು ಕೊರೆದುಕೊಂಡು ಹಿಡಿಯುತ್ತದೆ. ಚೇಂಬರ್ ಎರಕದ ಅಲ್ಯೂಮಿನಿಯಂನದಾದರೆ ಪೆಟ್ಟು ಹಗುರವಾಗಿರಲಿ, ಬಿರುಕು ಬಿಡುವ ಅಪಾಯವಿದೆ.

ಅರದಿಂದ ತಿದ್ದುವುದು: ತಲೆಯ ಎದುರುಬದುರಿನ ಎರಡು ಮುಖಗಳನ್ನು ಅರದಿಂದ ಉಜ್ಜಿ ಸಮಾನಾಂತರ ಮಾಡಿದರೆ ಚಿಕ್ಕ ಅಳತೆಯ ಪಾನಾ ಬಿಗಿಯಾಗಿ ಕೂಡುತ್ತದೆ. ಸಮಯ ಹಿಡಿದರೂ ಪೆಟ್ಟಿಲ್ಲದ ವಿಧಾನವಾದ್ದರಿಂದ ಅಲ್ಯೂಮಿನಿಯಂ ಚೇಂಬರುಗಳಿಗೆ ಹೇಳಿ ಮಾಡಿಸಿದಂತಿದೆ.

ಕಚ್ಚಿ ಹಿಡಿಯುವ ಇಕ್ಕಳ: ತಲೆ ಸಾಕಷ್ಟು ಎತ್ತರವಿದ್ದರೆ ವೈಸ್ ಗ್ರಿಪ್ ಎಂದು ಕರೆಯಲ್ಪಡುವ ಲಾಕ್ ಆಗುವ ಇಕ್ಕಳವನ್ನು ಗರಿಷ್ಠ ಬಿಗಿಗೆ ಹೊಂದಿಸಿ ಹಿಡಿಸಬಹುದು. ಜಾಗವಿದ್ದ ಕಡೆ ಪೈಪ್ ರೆಂಚ್ ಇನ್ನೂ ಬಲವಾದ ಉಪಾಯ. ಎಳೆದಷ್ಟೂ ಅದರ ಹಲ್ಲು ಆಳಕ್ಕಿಳಿಯುತ್ತದೆ.

ಎಕ್ಸ್‌ಟ್ರಾಕ್ಟರ್ ಸಾಕೆಟ್: ಸವೆದ ನಟ್ಟುಗಳಿಗೆಂದೇ ತಯಾರಾದ ಈ ಸಾಕೆಟಿನ ಒಳಮೈಯಲ್ಲಿ ಸುರುಳಿ ಹಲ್ಲುಗಳಿದ್ದು, ಬಿಚ್ಚುವ ದಿಕ್ಕಿಗೆ ತಿರುಗಿಸಿದಂತೆ ತಲೆಯನ್ನು ಹೆಚ್ಚೆಚ್ಚು ಕಚ್ಚುತ್ತವೆ. ದೊಡ್ಡ ಊರುಗಳ ಉಪಕರಣದ ಅಂಗಡಿಗಳಲ್ಲಿ ಇವು ದೊರೆಯುತ್ತವೆ. ಮನೆಯಲ್ಲೇ ದುರಸ್ತಿ ಮಾಡಿಕೊಳ್ಳುವವರು ಒಂದು ಸೆಟ್ ಇಟ್ಟುಕೊಳ್ಳುವುದು ಲಾಭದಾಯಕ. ಅಲೆನ್ ಕುಳಿ ಸವೆದಿದ್ದರೆ ತುಸು ದಪ್ಪನೆಯ, ನಕ್ಷತ್ರಾಕಾರದ ಟಾರ್ಕ್ಸ್ ಬಿಟ್ಟನ್ನು ಬಡಿದು ಕೂರಿಸಿ ತಿರುಗಿಸುತ್ತಾರೆ.

ಉಳಿ ಮತ್ತು ಸುತ್ತಿಗೆ: ಹಳ್ಳಿಯ ಗ್ಯಾರೇಜುಗಳ ಹಳೆಯ ವಿದ್ಯೆಯಿದು. ತಲೆಯ ಅಂಚಿನಲ್ಲಿ ಕಬ್ಬಿಣದ ಉಳಿಯಿಂದ ಗೀರು ಮೂಡಿಸಿ, ಉಳಿಯನ್ನು ಓರೆಯಾಗಿ ಹಿಡಿದು ಬಿಚ್ಚುವ ದಿಕ್ಕಿಗೆ ಪೆಟ್ಟು ಕೊಡಲಾಗುತ್ತದೆ. ಪೆಟ್ಟಿನ ಅದಿರಿಕೆಗೆ ನಟ್ ಸಡಿಲಗೊಳ್ಳುವುದುಂಟು. ಕಬ್ಬಿಣದ ಚೂರು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ ಕಡ್ಡಾಯ. ಉಳಿ ಜಾರಿ ಚೇಂಬರಿನ ವಾಷರ್ ಕೂಡುವ ಮುಖಕ್ಕೆ ಗೀರು ಬಿದ್ದರೆ ಮುಂದೆ ಹೊಸ ವಾಷರೂ ಸೋರಿಕೆಯನ್ನು ತಡೆಯಲಾರದು.

ವೆಲ್ಡಿಂಗ್: ಸವೆದ ತಲೆಯ ಮೇಲೆ ಇನ್ನೊಂದು ನಟ್ಟನ್ನಿಟ್ಟು ವೆಲ್ಡ್ ಮಾಡಿ ತಿರುಗಿಸುವುದು ಕೊನೆಯ ಅಸ್ತ್ರ. ಕಾವು ಮತ್ತು ಹಿಡಿತ ಎರಡೂ ಒಟ್ಟಿಗೆ ಸಿಗುವುದರಿಂದ ಇದು ಫಲಕಾರಿ. ಆದರೆ ಚೇಂಬರಿನ ಒಳಗೆ ಆಯಿಲ್ ಇರುವಾಗಲೇ ಮಾಡುವ ಕೆಲಸವಾದ್ದರಿಂದ ಬೆಂಕಿಯ ಅಪಾಯ ಸ್ಪಷ್ಟ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸುತ್ತಲಿನ ಆಯಿಲ್ ಒರೆಸಿ, ಬೆಂಕಿ ನಂದಿಸುವ ಸಾಧನ ಪಕ್ಕದಲ್ಲಿಟ್ಟುಕೊಂಡು ಅನುಭವಿ ವೆಲ್ಡರ್ ಮಾತ್ರ ಮಾಡಬೇಕು. ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಚೇಂಬರಿಗೆ ಹಿಡಿಯುವುದು ಸರ್ವಥಾ ಸಲ್ಲದು.

ನಟ್ ಬಿಚ್ಚದೆಯೂ ಆಯಿಲ್ ತೆಗೆಯಬಹುದು

ಬಿತ್ತನೆಯ ಹದ ಮೀರುತ್ತಿರುವ ರೈತನಿಗೂ ಬೆಳಿಗ್ಗೆ ಕಚೇರಿಗೆ ಹೊರಡಬೇಕಾದ ನಗರವಾಸಿಗೂ ತಿಳಿದಿರಬೇಕಾದ ದಾರಿಯೊಂದಿದೆ. ಅನೇಕ ಎಂಜಿನ್ನುಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿಯ ಕೊಳವೆಯ ಮೂಲಕ ಸಣ್ಣ ನಳಿಕೆಯನ್ನು ತಳದವರೆಗೆ ಇಳಿಸಿ, ಹೀರುವ ಪಂಪಿನಿಂದ ಹಳೆಯ ಆಯಿಲನ್ನು ಹೊರತೆಗೆಯಬಹುದು. ತಳದ ಗಸಿ ಸ್ವಲ್ಪ ಉಳಿದರೂ ಫಿಲ್ಟರ್ ಬದಲಿಸಿ ಹೊಸ ಆಯಿಲ್ ತುಂಬಿ ವಾಹನವನ್ನು ಬಳಸಲು ಅಡ್ಡಿಯಿಲ್ಲ. ನಟ್ಟಿನ ಚಿಕಿತ್ಸೆಯನ್ನು ಬಿಡುವಿನ ದಿನಕ್ಕೆ ಮುಂದೂಡಬಹುದು. ಯಾವ ಉಪಾಯಕ್ಕೂ ಬಗ್ಗದ ನಟ್ಟಿದ್ದರೆ, ಹೀಗೆ ಆಯಿಲ್ ಖಾಲಿ ಮಾಡಿ ಚೇಂಬರನ್ನೇ ಕಳಚಿ ಲೇತ್ ಅಂಗಡಿಗೆ ಒಯ್ಯುವುದು ಕ್ಷೇಮಕರ ಮಾರ್ಗ.

ಆದರೆ ಅರ್ಧ ಸುತ್ತು ತಿರುಗಿ ಸೋರಲಾರಂಭಿಸಿದ ನಟ್ಟಿನೊಂದಿಗೆ ವಾಹನ ಓಡಿಸುವ ಸಾಹಸ ಬೇಡ. ಆಯಿಲ್ ಒತ್ತಡ ಕಳೆದುಕೊಂಡ ಎಂಜಿನ್ ಕೆಲವೇ ನಿಮಿಷಗಳಲ್ಲಿ ಜಾಮ್ ಆಗಬಹುದು. ಆಗ ಚೇಂಬರಿನ ದುರಸ್ತಿಯ ಜಾಗದಲ್ಲಿ ಇಡೀ ಎಂಜಿನ್ನಿನ ದುರಸ್ತಿ ತಲೆಯ ಮೇಲೆ ಬೀಳುತ್ತದೆ.

ಹೊರಬಂದ ಮೇಲೆ

ಹಳೆಯ ನಟ್ಟಿನ ತಿರುಪಿಗೆ ಅಲ್ಯೂಮಿನಿಯಂ ಎಳೆಗಳು ಸುತ್ತಿಕೊಂಡು ಬಂದಿದ್ದರೆ ಚೇಂಬರಿನ ತಿರುಪು ಹಾಳಾಗಿದೆ ಎಂದರ್ಥ. ಅಲ್ಪ ಹಾನಿಯಾಗಿದ್ದರೆ ಅದೇ ಅಳತೆಯ ಟ್ಯಾಪ್ ಹಾಯಿಸಿ ಶುದ್ಧಗೊಳಿಸಬಹುದು. ಪೂರ್ತಿ ಹೋಗಿದ್ದರೆ ರಂಧ್ರವನ್ನು ಹಿಗ್ಗಿಸಿ ಉಕ್ಕಿನ ತಂತಿಸುರುಳಿಯ ಹೆಲಿಕಾಯಿಲ್ ಕೂರಿಸುವುದು ಅಥವಾ ದೊಡ್ಡ ಅಳತೆಯ ನಟ್ ಹಾಕುವುದು ರೂಢಿಯಲ್ಲಿರುವ ಪರಿಹಾರಗಳು. ಈ ಕೆಲಸವನ್ನು ನಂಬಿಗಸ್ತ ಲೇತ್ ಅಂಗಡಿಗೆ ವಹಿಸುವುದು ಲೇಸು. ಕೊರೆದ ಲೋಹದ ಚೂರು ಒಳಗುಳಿದರೆ ಬೇರಿಂಗುಗಳಿಗೆ ಕುತ್ತು. ಚೇಂಬರನ್ನು ಕಳಚದೆ ಕೊರೆದಿದ್ದರೆ ಸ್ವಲ್ಪ ಹೊಸ ಆಯಿಲ್ ಹೊಯ್ದು, ಅದು ರಂಧ್ರದಿಂದ ಹರಿದು ಚೂರುಗಳನ್ನು ಹೊತ್ತೊಯ್ಯುವಂತೆ ಮಾಡಬೇಕು. ಸವೆದ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುವುದು, ಹೊರಗಿನಿಂದ ಎಪಾಕ್ಸಿ ಮೆತ್ತುವುದು ಪರಿಹಾರವಲ್ಲ. ಅದು ಮುಂದಿನ ಸೋರಿಕೆಯನ್ನು ಮುಚ್ಚಿಡುವ ಪರದೆ ಮಾತ್ರ.

ಹೊಸ ನಟ್ಟನ್ನು ಮೊದಲ ನಾಲ್ಕಾರು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಬಾರದ ನಟ್ ಓರೆಯಾಗಿ ಕುಳಿತಿದೆ ಎಂದು ತಿಳಿದು ಹೊರತೆಗೆದು ಮರಳಿ ಕೂರಿಸಬೇಕು. ಪ್ರತಿ ಬಾರಿಯೂ ಹೊಸ ವಾಷರ್ ಇರಲಿ. ತಾಮ್ರದ ವಾಷರ್ ಒಮ್ಮೆ ಅದುಮಿದ ಮೇಲೆ ಗಟ್ಟಿಯಾಗುತ್ತದೆ. ಹೊಸದು ಸಿಗದ ಪಕ್ಷದಲ್ಲಿ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬಿಗಿಯನ್ನು ಕೈಪಿಡಿಯಲ್ಲಿ ಹೇಳಿದ ಅಂಕಿಗೆ ಟಾರ್ಕ್ ರೆಂಚಿನಿಂದಲೇ ಹೊಂದಿಸುವುದು ಉತ್ತಮ. ಅದಿಲ್ಲದವರು ಸಾಮಾನ್ಯ ಉದ್ದದ ಪಾನಾವನ್ನು ಒಂದೇ ಕೈಯಲ್ಲಿ ಹಿಡಿದು, ವಾಷರ್ ಅದುಮಿತೆಂದು ಕೈಗೆ ತಿಳಿದೊಡನೆ ನಿಲ್ಲಿಸಬೇಕು. ಪೈಪಿನ ಸಹಾಯ ಕೂಡದು. ಆಯಿಲ್ ತುಂಬಿ ಎಂಜಿನ್ನನ್ನು ಕೆಲ ನಿಮಿಷ ನಿಂತಲ್ಲೇ ಓಡಿಸಿ, ಕೆಳಗೆ ಹನಿ ಬೀಳುತ್ತಿದೆಯೇ ಎಂದು ನೋಡಿದ ಬಳಿಕವೇ ರಸ್ತೆಗಿಳಿಯಬೇಕು.

ಹಳೆಯ ಆಯಿಲ್ ಚರಂಡಿಗೆ ಬೇಡ

ಜಗ್ಗಾಟದ ನಡುವೆ ನೆಲಕ್ಕೆ ಚೆಲ್ಲಿದ ಆಯಿಲ್‌ನ ಕಡೆಗೆ ಗಮನ ಹರಿಯುವುದು ಕಡಿಮೆ. ಒಂದು ಬಾರಿ ಬದಲಿಸಿದ ಎಂಜಿನ್ ಆಯಿಲ್ 10 ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಎಚ್ಚರಿಕೆ. ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಆಯಿಲನ್ನು ತಮ್ಮ ವ್ಯಾಪ್ತಿಗೆ ತಂದಿವೆ. 2023ರ ತಿದ್ದುಪಡಿಯು ಅದರ ಮರುಸಂಸ್ಕರಣೆಯ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಉತ್ಪಾದಕರ ಮೇಲೂ ಹೊರಿಸಿದೆ. ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ, ನೀರು ಬೆರೆಸದೆ, ಅಧಿಕೃತ ಸಂಗ್ರಹಕಾರರಿಗೆ ನೀಡುವ ಸರ್ವಿಸ್ ಕೇಂದ್ರಕ್ಕೆ ತಲುಪಿಸುವುದು ಸರಿಯಾದ ಕ್ರಮ. ದಿನನಿತ್ಯ ಬರಿಗೈಯಲ್ಲಿ ಈ ಆಯಿಲ್ ಮುಟ್ಟುವುದು ಚರ್ಮಕ್ಕೆ ಹಾನಿಕರವಾದ್ದರಿಂದ ಕೈಗವಸು ತೊಡುವುದನ್ನು ಗ್ಯಾರೇಜಿನ ಹುಡುಗರಿಗೂ ಕಲಿಸಬೇಕಾಗಿದೆ.

'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ನಾಣ್ಣುಡಿ ಈ ನಟ್ಟಿನ ಮಟ್ಟಿಗೆ ಅಕ್ಷರಶಃ ಸತ್ಯ. ಸರಿಯಾದ ಸಾಕೆಟ್, ಹೊಸ ವಾಷರ್, ಹಿತಮಿತದ ಬಿಗಿ, ಈ ಮೂರನ್ನು ಪಾಲಿಸಿದ ವಾಹನದ ಡ್ರೈನ್ ನಟ್ ಮುಂದಿನ ಬಾರಿ ತಾನಾಗಿಯೇ ಎಂಬಂತೆ ಬಿಚ್ಚಿಕೊಳ್ಳುತ್ತದೆ. ಆಯಿಲ್ ಬದಲಿಸುವ ಕೆಲಸವನ್ನು ಹದ ಬರುವ ಮುನ್ನವೇ, ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ದಿನಗಳಲ್ಲೇ ಮುಗಿಸಿಟ್ಟವನಿಗೆ, ನಟ್ ಹಟ ಹಿಡಿದರೂ ಅದನ್ನು ಪಳಗಿಸುವಷ್ಟು ಸಮಯ ಕೈಯಲ್ಲಿರುತ್ತದೆ.